‘ಕರೆಂಟ್’ ಎಂಬ ಮಾತು

ಬಾಯಿಯ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಇಂಡಿಗೋ ಸಿಂದಗಿಗೋ, ಮುದ್ದೇಬಿಹಾಳಕ್ಕೋ ಬಸವನ ಬಾಗೇವಾಡಿಗೋ ಮರಳಿದವನನ್ನು ನೆಂಟರು ಕೇಳುವುದು ಸಹಜ: “ಗಡ್ಡಿ ತಗದಾರಲ್ಲ, ಮತ್ಯಾಕ ಕರೆಂಟ್?”

ಪುಸ್ತಕದ ಕನ್ನಡ ಅದನ್ನು ವಿಕಿರಣ ಚಿಕಿತ್ಸೆ ಎನ್ನುತ್ತದೆ. ಜನ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಜನರ ಮಾತನ್ನು ಒರಟೆಂದು ತಳ್ಳುವವರ ಪಕ್ಷ ನಮ್ಮದಲ್ಲ. 1931ರಲ್ಲಿ ‘ಗರತಿಯ ಹಾಡು’ ಅಚ್ಚು ಮಾಡಿಸಿ ಆಡುನುಡಿಗೆ ಗ್ರಂಥದ ಮರ್ಯಾದೆ ತಂದ ಗೆಳೆಯರು ಇದೇ ಇಂಡಿ ಸೀಮೆಯ ಹಲಸಂಗಿಯವರಲ್ಲವೆ? ನಮ್ಮ ತಕರಾರು ಬೇರೆ. ಕರೆಂಟ್ ಎಂದೊಡನೆ ಕಣ್ಣಿಗೆ ಕಟ್ಟುವುದು ಹೊಲದ ಮೋಟಾರಿನ ತಂತಿ, ಮುಟ್ಟಿದರೆ ಶಾಕ್. ಆದರೆ ಯಂತ್ರದ ಕೆಳಗೆ ಮಲಗಿದಾಗ ನೋವೇ ಇಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ದಿನಕ್ಕೆ ಕೆಲವೇ ನಿಮಿಷ. ಬಾಧೆ ಬರುವುದು ತಡವಾಗಿ: ಎರಡು ಮೂರು ವಾರ ಕಳೆದ ಮೇಲೆ ಬಾಯೆಲ್ಲ ಹುಣ್ಣಾಗಿ ರೊಟ್ಟಿ ಇಳಿಯದು, ರುಚಿ ಕೆಡುತ್ತದೆ, ಜೊಲ್ಲು ಬತ್ತುತ್ತದೆ. ದವಡೆಯ ಎಲುಬಿಗೆ ವರ್ಷಗಳಾಚೆಯೂ ಅಪಾಯವುಂಟು. ಕೆಟ್ಟ ಹಲ್ಲುಗಳನ್ನು ಮೊದಲೇ ಕೀಳಿಸುವುದು ಅದಕ್ಕೇ. ಹೆದರಬೇಕಿಲ್ಲದ ಕಡೆ ಹೆದರಿಸಿ, ಎಚ್ಚರಿಸಬೇಕಾದ ಕಡೆ ಸುಮ್ಮನಿರುವ ಮಾತು ಇದು.

ಇನ್ನು ‘ಯಾಕ’ ಎಂಬುದಕ್ಕೆ ಅದರಲ್ಲಿ ಉತ್ತರವೇ ಇಲ್ಲ. ಉತ್ತರವಿರುವುದು ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ವರದಿಯಲ್ಲಿ. ಕೊಯ್ದ ಅಂಚಿನಲ್ಲಿ ರೋಗ ಉಳಿದಿದೆಯೆ? ಎಷ್ಟು ಆಳಕ್ಕೆ ಇಳಿದಿತ್ತು? ಕುತ್ತಿಗೆಯ ಗ್ರಂಥಿಗಳಿಗೆ ಹಬ್ಬಿತ್ತೆ? ಗಡ್ಡೆ ಸಣ್ಣದಿದ್ದು ಅಂಚು, ಗ್ರಂಥಿಗಳು ಶುದ್ಧವಾಗಿದ್ದರೆ ಸಾಮಾನ್ಯವಾಗಿ ವಿಕಿರಣ ಬೇಕಾಗದು. ಅಂಚಿನಲ್ಲಿ ರೋಗವಿದ್ದರೆ, ಇಲ್ಲವೆ ಗ್ರಂಥಿಯ ಕವಚ ಒಡೆದು ಹೊರಬಂದಿದ್ದರೆ, ವಿಕಿರಣದ ಜೊತೆ ಔಷಧವನ್ನೂ ಕೊಡುವುದು 2004ರಲ್ಲಿ ಯುರೋಪ್, ಅಮೆರಿಕಗಳ ಎರಡು ಪ್ರಯೋಗಗಳು ಪ್ರಕಟವಾದ ಮೇಲೆ ರೂಢಿಗೆ ಬಂತು. ಇವೆರಡರ ನಡುವಿನವರಿಗೇ ನಿಜವಾದ ತೂಗಾಟ. ಅವರಿಗೂ ಯೋಚಿಸಲು ಬಹಳ ದಿನವಿಲ್ಲ; ಶಸ್ತ್ರಕ್ರಿಯೆಯಾದ ಸುಮಾರು ಆರು ವಾರದೊಳಗೆ ಆರಂಭವಾಗುವುದು ಲೇಸೆನ್ನುತ್ತಾರೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಕೊಡಿಸುವುದಾದರೆ ಆರು ವಾರದ ಬಿಡಾರ, ಜೊತೆಗೊಬ್ಬರ ಕೂಲಿಯ ನಷ್ಟವೂ ಆ ತೂಕಕ್ಕೆ ಸೇರುತ್ತವೆ.

ಕ್ಯಾನ್ಸರಿಗೆ ಅಂಟಿದ ರೂಪಕಗಳನ್ನು ಕಳಚಬೇಕೆಂದು ಸೂಸನ್ ಸೊಂಟಾಗ್ 1978ರಲ್ಲಿ ವಾದಿಸಿದರು. ಜಾಣ ವಾದವೇ ಸರಿ. ಆದರೆ ನಮ್ಮ ರೈತನಿಂದ ರೂಪಕ ಕಿತ್ತುಕೊಂಡರೆ ಅವನ ಕೈಯಲ್ಲಿ ಉಳಿಯುವುದು ಇಂಗ್ಲಿಷಿನ ವರದಿಯೊಂದೇ. ನಮಗೆ ಬೇಕಾದದ್ದು ಇನ್ನೂ ಸರಿಯಾದ ರೂಪಕ, ಅದು ಅವನ ಹೊಲದಲ್ಲೇ ಇದೆ. ಕರಕಿ ಕಿತ್ತವನಿಗೆ ಬೇರಿನ ತುಣುಕು ಮತ್ತೆ ಚಿಗುರುವುದು ಗೊತ್ತು. ಅವನಿಗೆ ‘ಕರೆಂಟ್ ಬೇಕೋ ಬೇಡೋ’ ಎನ್ನುವುದಕ್ಕಿಂತ “ಬೇರು ಉಳದೈತೇನ್ರಿ, ವರದಿ ಏನಂತೈತಿ?” ಎಂದು ಡಾಕ್ಟರರನ್ನು ಕೇಳುವುದು ಸುಲಭ.