ಅಂಕವೂ ವಿಮರ್ಶೆಯೂ: ಸೆಮಿಸ್ಟರ್ ಮೌಲ್ಯಮಾಪನವನ್ನು ಕುರಿತು ಒಂದು ವಿಚಾರ

೧

ಸಾಹಿತ್ಯದ ಅಧ್ಯಾಪಕನು ವರ್ಷಕ್ಕೆ ಎರಡು ಸಲ ವಿಮರ್ಶಕನ ಪೀಠವನ್ನು ಏರಬೇಕಾಗುತ್ತದೆ. ಆಗ ಅವನ ಮುಂದಿರುವ ಕೃತಿ ಪಂಪನದೂ ಅಲ್ಲ, ಹರಿಹರನದೂ ಅಲ್ಲ. ತನ್ನ ವಿದ್ಯಾರ್ಥಿಯ ಉತ್ತರಪತ್ರಿಕೆ. ಒಂದು ಕಂದಪದ್ಯದ ಗುಣದೋಷಗಳನ್ನು ಹೇಳಲು ನಾಲ್ಕು ಪುಟ ಸಾಲದೆನ್ನುವ ಪಂಡಿತನು ಈ ಕೃತಿಯ ವಿಷಯದಲ್ಲಿ ಒಂದು ಸಂಖ್ಯೆಯನ್ನು ಬರೆದು ಸುಮ್ಮನಾಗುತ್ತಾನೆ. ಆ ಸಂಖ್ಯೆಯೂ ಒಂದು ತೀರ್ಪೇ. ಆದರೆ ಕಾರಣವನ್ನು ಹೇಳದ ತೀರ್ಪು. ಕಾರಣವಿಲ್ಲದ ತೀರ್ಪನ್ನು ನಾವು ಬೇರೆಲ್ಲಿಯೂ ವಿಮರ್ಶೆಯೆಂದು ಒಪ್ಪುವುದಿಲ್ಲವಷ್ಟೆ. ಸೆಮಿಸ್ಟರಿನ ಉದ್ದಕ್ಕೂ ನಡೆಯತಕ್ಕ ಆಂತರಿಕ ಮೌಲ್ಯಮಾಪನವು ಈ ಕೊರತೆಯನ್ನು ನೀಗಬೇಕಾಗಿತ್ತು. ಅದು ನೀಗಿದೆಯೇ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯಬಹುದು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಲಂಡನ್ನಿನ ಮಾದರಿಯಲ್ಲಿ ಸ್ಥಾಪಿತವಾದಾಗ, ಕಲಿಸುವುದು ಕಾಲೇಜಿನ ಕೆಲಸ, ಪರೀಕ್ಷಿಸುವುದು ವಿಶ್ವವಿದ್ಯಾನಿಲಯದ ಕೆಲಸ ಎಂಬ ವಿಭಾಗವು ಏರ್ಪಟ್ಟಿತು. ಕಲಿಸಿದವನು ಪರೀಕ್ಷಿಸಲಿಲ್ಲ, ಪರೀಕ್ಷಿಸಿದವನು ವಿದ್ಯಾರ್ಥಿಯ ಮುಖವನ್ನು ಕಾಣಲಿಲ್ಲ. ೧೯೪೮-೪೯ರ ರಾಧಾಕೃಷ್ಣನ್ ಆಯೋಗವು ಉಚ್ಚಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಎಂಬ ಅಭಿಪ್ರಾಯವನ್ನು ಕೊಟ್ಟಿತು. ೧೯೬೪-೬೬ರ ಕೊಠಾರಿ ಆಯೋಗವು ಆಂತರಿಕ ಮೌಲ್ಯಮಾಪನವನ್ನು ಎತ್ತಿಹಿಡಿಯಿತು. ೨೦೧೫ರ ಸುಮಾರಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಹದಿನೈದರಿಂದ ಹದಿನೆಂಟು ವಾರಗಳ ಸೆಮಿಸ್ಟರನ್ನೂ ಹತ್ತು ಅಂಶಗಳ ಶ್ರೇಣಿಯನ್ನೂ ದೇಶಕ್ಕೆಲ್ಲ ಸೂಚಿಸಿತು.

ಕರ್ನಾಟಕದ ಪದವಿ ತರಗತಿಗಳಲ್ಲಿ ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ಬಂದ ಕ್ರಮದಲ್ಲಿ ಸಾಮಾನ್ಯವಾಗಿ ನೂರಕ್ಕೆ ನಲವತ್ತು ಅಂಕಗಳು ಅಧ್ಯಾಪಕನ ಕೈಯಲ್ಲಿದ್ದವು. ೨೦೨೪-೨೫ರಲ್ಲಿ ಮೂರು ವರ್ಷದ ಪದವಿಯು ಮರಳಿದಾಗ ಅವು ಇಪ್ಪತ್ತಕ್ಕೆ ಇಳಿದುವು. ನಲವತ್ತು ಹೆಚ್ಚೋ ಇಪ್ಪತ್ತು ಕಡಮೆಯೋ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಆ ಅಂಕಗಳಿಂದ ಅಳೆಯತಕ್ಕದ್ದು ಏನು ಎಂಬ ಚರ್ಚೆಗೆ ಅಷ್ಟು ಅವಕಾಶ ದೊರೆತಿಲ್ಲ.

೩

ಈ ಪ್ರಶ್ನೆಯನ್ನು ಒಂದು ಊರಿನಲ್ಲಿ ನಿಲ್ಲಿಸಿ ನೋಡಿದರೆ ವಿಷಯವು ವಿಶದವಾದೀತು. ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಸಾಯಗಾಂವವು ಮಹಾರಾಷ್ಟ್ರದ ಗಡಿಯ ಕಡೆಯ ಊರು. ಅದರ ಹೆಸರಿನ ಕೊನೆಯ ಪದವೇ ಮರಾಠಿಯದು. ಬೀದರವು ೧೯೫೬ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮನ ಆಳ್ವಿಕೆಯಲ್ಲಿ ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆ ಉರ್ದುವಿನಲ್ಲಿ ನಡೆಯುತ್ತಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದುವಿನ ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಕನ್ನಡಿಗರೆಲ್ಲರಿಗೂ ವಿದಿತವಾದದ್ದು. ಹಾಗೆ ಕಲಿತ ಕನ್ನಡಕ್ಕೆ ಸರ್ಕಾರದ ಅಂಕಪಟ್ಟಿಯಲ್ಲಿ ಬೆಲೆಯಿರಲಿಲ್ಲ. ಆದರೂ ಅದು ಉಳಿಯಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ೨೦೨೩ರಲ್ಲಿ ಬೀದರಕ್ಕೆ ಅದರದೇ ವಿಶ್ವವಿದ್ಯಾನಿಲಯವು ಬಂದಿತು. ೨೦೨೫ರ ಫೆಬ್ರವರಿಯಲ್ಲಿ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂದಾಗಲೂ ಬೀದರದ್ದನ್ನು ಉಳಿಸಿಕೊಳ್ಳಬೇಕೆಂಬ ಅಭಿಪ್ರಾಯವೇ ಅಲ್ಲಿ ವ್ಯಕ್ತವಾಯಿತು.

ಈ ಸೀಮೆಯ ಮರಾಠಿ ಮನೆಮಾತಿನ ವಿದ್ಯಾರ್ಥಿಯೊಬ್ಬನು ಕನ್ನಡವನ್ನು ಆರಿಸಿಕೊಂಡನೆಂದು ಭಾವಿಸೋಣ. ಕಾವ್ಯದ ವರ್ಣನಾಭಾಗವೊಂದನ್ನು ಕುರಿತು ಬರೆಯುತ್ತ ಅವನು 'ನದಿ ಬಂದಳು' ಎಂದು ಬರೆದನೆನ್ನೋಣ. ಕನ್ನಡ ವ್ಯಾಕರಣದಲ್ಲಿ ಅಚೇತನವಾದುದು ನಪುಂಸಕಲಿಂಗ. ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಆದುದರಿಂದ ಇದು ಮನೆಮಾತಿನ ಜಾಡಿನಲ್ಲಿ ನಡೆದ ತಪ್ಪಾಗಿರಬಹುದು. ಆದರೆ ನದಿಯನ್ನು ನಾಯಿಕೆಯೆಂದು ಕಾಣುವುದು ನಮ್ಮ ಕಾವ್ಯಸಂಪ್ರದಾಯವೂ ಹೌದು. ಆದುದರಿಂದ ಇದು ವರ್ಣನೆಯ ಮರ್ಮವನ್ನು ಹಿಡಿದ ಮಾತೂ ಆಗಿರಬಹುದು. ಒಂದರ್ಥದಲ್ಲಿ ಅಂಕ ಕಳೆಯಬೇಕು, ಇನ್ನೊಂದರ್ಥದಲ್ಲಿ ಕೊಡಬೇಕು. ಸೆಮಿಸ್ಟರಿನ ಕೊನೆಯಲ್ಲಿ ಎಲ್ಲಿಯೋ ಕುಳಿತು ಪತ್ರಿಕೆಯನ್ನು ನೋಡುವ ಪರೀಕ್ಷಕನಿಗೆ ಇದನ್ನು ನಿರ್ಣಯಿಸುವ ಉಪಾಯವಿಲ್ಲ. ತರಗತಿಯ ಅಧ್ಯಾಪಕನಿಗೆ ಉಂಟು: 'ಏಕೆ ಹೀಗೆ ಬರೆದೆ?' ಎಂದು ಅವನು ಕೇಳಬಹುದು. ಆಂತರಿಕ ಮೌಲ್ಯಮಾಪನದ ಸಮಸ್ತ ಸಾರ್ಥಕತೆಯೂ ಈ ಒಂದು ಪ್ರಶ್ನೆಯಲ್ಲಿದೆ.

೪

ಇಂತಹ ಪ್ರಶ್ನೆಯ ಮಾದರಿ ನಮಗೆ ಹೊಸದಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣವನ್ನು ನೆನಪಿಗೆ ತರುವ, ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಅಲ್ಲಮನು ಮಾಡುವುದು ಪರೀಕ್ಷೆಯೇ. ಆದರೆ ಅಲ್ಲಿ ಮೊದಲೇ ಸಿದ್ಧವಾದ ಪ್ರಶ್ನಪತ್ರಿಕೆಯಿಲ್ಲ. ಪ್ರತಿಯೊಂದು ಪ್ರಶ್ನೆಯೂ ಹಿಂದಿನ ಉತ್ತರದಿಂದ ಹುಟ್ಟುತ್ತದೆ. ಮುಕ್ತಾಯಕ್ಕನು ಅಲ್ಲಮನ ಮಾತನ್ನು ಸುಲಭವಾಗಿ ಒಪ್ಪದೆ ಮರುಪ್ರಶ್ನೆ ಮಾಡುತ್ತಾಳೆ. ಸಿದ್ಧರಾಮನ ವಿಷಯದಲ್ಲಂತೂ ಸಂವಾದದ ಆದಿಯಲ್ಲಿದ್ದ ಸಿದ್ಧರಾಮನು ಬೇರೆ, ಅಂತ್ಯದಲ್ಲಿರುವವನು ಬೇರೆ; ಆ ವ್ಯತ್ಯಾಸವೇ ಪರೀಕ್ಷೆಯ ಫಲ. ಆದಿಯನ್ನೂ ಅಂತ್ಯವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಆ ಗ್ರಂಥದಲ್ಲಿ ಉಳಿಯುವುದೇನು?

ನಮ್ಮ ಈಗಿನ ರೂಢಿ ಮಾಡುವುದಾದರೋ ಬಹುಮಟ್ಟಿಗೆ ಇದನ್ನೇ. ಎರಡು ಕಿರುಪರೀಕ್ಷೆಗಳನ್ನು ನಡೆಸಿ ಸರಾಸರಿ ತೆಗೆಯುವುದು ಅನೇಕ ಕಡೆ ಕಂಡುಬರುವ ಪದ್ಧತಿ. ಇಪ್ಪತ್ತಕ್ಕೆ ಮೊದಲು ಆರು, ಬಳಿಕ ಹದಿನಾರು ಪಡೆದವನ ಸರಾಸರಿ ಹನ್ನೊಂದು. ಎರಡು ಸಲವೂ ಹನ್ನೊಂದು ಪಡೆದವನದೂ ಹನ್ನೊಂದೇ. ಮೊದಲು ಹದಿನಾರು ಪಡೆದು ಬಳಿಕ ಆರಕ್ಕೆ ಇಳಿದವನದೂ ಹನ್ನೊಂದೇ. ಕಲಿತವನು, ನಿಂತಲ್ಲೇ ನಿಂತವನು, ಮರೆತವನು, ಈ ಮೂವರನ್ನೂ ಒಂದೇ ಎಂದು ಹೇಳುವ ಅಳತೆಯನ್ನು ಕಲಿಕೆಯ ಅಳತೆಯೆನ್ನುವುದು ಹೇಗೆ? ಇದರಿಂದ ಅತ್ಯಧಿಕ ನಷ್ಟವಾಗುವುದು ದೂರದಿಂದ ನಡೆದುಬಂದವನಿಗೆ. ಸಾಯಗಾಂವದಂತಹ ಊರಿನಿಂದ ಬಂದವನು ಆರನೆಯ ವಾರದಲ್ಲಿ ಹಿಂದಿರುವುದು ಅಪರಾಧವಲ್ಲ. ಹದಿನಾರನೆಯ ವಾರದಲ್ಲಿ ಅವನು ಎಲ್ಲಿ ನಿಂತಿದ್ದಾನೆಂಬುದೇ ಕೇಳತಕ್ಕ ಮಾತು. ಕಲಿಯುವುದಕ್ಕೆ ಮುಂಚೆ ಮಾಡಿದ ತಪ್ಪುಗಳನ್ನು ಕಲಿತ ಮೇಲೆಯೂ ಲೆಕ್ಕದಲ್ಲಿಟ್ಟುಕೊಳ್ಳುವುದು ಗುರುವಿನ ಧರ್ಮವಲ್ಲ, ಸಾಹುಕಾರನ ಧರ್ಮ.

೫

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಅದನ್ನು ಹಗುರವಾಗಿ ಕಾಣಕೂಡದು. ಹೆಸರನ್ನು ಮರೆಮಾಡಿದ ಕೊನೆಯ ಪರೀಕ್ಷೆಯು ಕುರುಡಾದರೂ ನಿಷ್ಪಕ್ಷಪಾತವಾದದ್ದು. ಅಧ್ಯಾಪಕನಿಗೆ ಮುಖ ಕಾಣುವುದಾದರೆ ಜಾತಿಯೂ ಊರೂ ನುಡಿಯ ಧಾಟಿಯೂ ಕಾಣುತ್ತವೆ. ಆರನೆಯ ವಾರದ ತಪ್ಪನ್ನು ಮನ್ನಿಸುವ ಅಧಿಕಾರವು ಯಾರ ಕೈಯಲ್ಲಿರುವುದೋ ಅದೇ ಕೈ ಅನ್ಯಾಯವನ್ನೂ ಮಾಡಬಲ್ಲದು. ಈ ಭಯದಿಂದಲೇ ಅನೇಕರು ಇಪ್ಪತ್ತೇ ಹೆಚ್ಚೆನ್ನುತ್ತಾರೆ. ಭಯವು ಸಕಾರಣವಾದದ್ದು. ಆದರೆ ಅದಕ್ಕೆ ಪರಿಹಾರವು ಅಂಕವನ್ನು ಇಳಿಸುವುದರಲ್ಲಿಲ್ಲ, ಕಾರಣವನ್ನು ಬರೆಯಿಸುವುದರಲ್ಲಿದೆ. ಬರೆದಿಟ್ಟ ಕಾರಣವನ್ನು ವಿದ್ಯಾರ್ಥಿಯು ಪ್ರಶ್ನಿಸಬಹುದು, ಇನ್ನೊಬ್ಬ ಅಧ್ಯಾಪಕನು ಪರಿಶೀಲಿಸಬಹುದು. ಬರಿಯ ಸಂಖ್ಯೆಯನ್ನು ಯಾರೂ ಪ್ರಶ್ನಿಸಲಾರರು. ಅನ್ಯಾಯವು ಅಡಗುವುದು ಅಲ್ಲಿಯೇ.

ಆದುದರಿಂದ ಕನ್ನಡದ ಮಟ್ಟಿಗೆ ಮೂರು ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದು, ಒಂದೇ ಕಾವ್ಯಭಾಗವನ್ನು ಸೆಮಿಸ್ಟರಿನ ಆದಿಯಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ಓದಿಸಿ ಬರೆಯಿಸುವುದು. ಅಂಕವನ್ನು ಎರಡನೆಯದಕ್ಕೆ ಮಾತ್ರ ಕೊಡುವುದು. ಎರಡನೆಯದು, ಭಾಷಾಶುದ್ಧಿಯನ್ನೂ ಕಾವ್ಯಗ್ರಹಣವನ್ನೂ ಬೇರೆಬೇರೆಯಾಗಿ ಅಳೆಯುವುದು. 'ನದಿ ಬಂದಳು' ಎಂದವನ ಲಿಂಗದೋಷವು ಅವನ ರಸಜ್ಞತೆಯನ್ನು ನುಂಗಬಾರದು. ಮೂರನೆಯದು, ಪ್ರತಿ ಬರಹಕ್ಕೂ ಎರಡು ವಾಕ್ಯಗಳ ಕಾರಣವನ್ನು ಬರೆದು ಹಿಂದಿರುಗಿಸುವುದು. ಸರ್ಕಾರಿ ಕಾಲೇಜುಗಳ ಬೋಧನೆಯ ಬಹುಭಾಗವನ್ನು ಅತಿಥಿ ಉಪನ್ಯಾಸಕರೇ ಹೊತ್ತಿರುವಾಗ ಇದು ಹೆಚ್ಚಿನ ಹೊರೆಯೆಂಬುದು ನಿಜ. ಆದುದರಿಂದಲೇ ಕಿರುಪರೀಕ್ಷೆಗಳ ಸಂಖ್ಯೆ ಕಡಮೆಯಾಗಬೇಕು. ಹತ್ತು ಸಲ ಎಣಿಸುವುದಕ್ಕಿಂತ ಎರಡು ಸಲ ಓದುವುದು ಮೇಲು.

ಹಿಂದೆ ಭಾಲ್ಕಿಯಲ್ಲಿ ಅಂಕಪಟ್ಟಿಯ ಆಸರೆಯಿಲ್ಲದೆಯೂ ಕನ್ನಡದ ಕಲಿಕೆ ನಡೆಯಿತು. ಇಂದು ಅದೇ ನೆಲದಲ್ಲಿ ವಿಶ್ವವಿದ್ಯಾನಿಲಯವಿದೆ, ಅಂಕವಿದೆ, ಶ್ರೇಣಿಯಿದೆ. ಇವುಗಳಿಂದ ಕಲಿಕೆಗೆ ನೆರವಾಗಬೇಕಾದರೆ, ಕವಿಯ ವಿಷಯದಲ್ಲಿ ನಾವು ತೋರುವ ತಾಳ್ಮೆಯ ಒಂದಂಶವನ್ನಾದರೂ ವಿದ್ಯಾರ್ಥಿಯ ಬರಹದ ವಿಷಯದಲ್ಲಿ ತೋರುವುದು ನಮ್ಮ ಕರ್ತವ್ಯವಾಗಿದೆ.