ಛಾಯಾಚಿತ್ರಗಳಲ್ಲಿ ನ್ಯೂನಾಧಿಕ ವಿಚಾರ
(ಕೊಡಗಿನ ಕೆಲವು ಚಿತ್ರವಿಷಯಗಳನ್ನು ಕುರಿತು)

ಒಬ್ಬರು ತೆಗೆದ ಛಾಯಾಚಿತ್ರವನ್ನು ಮತ್ತೊಬ್ಬ ಛಾಯಾಗ್ರಾಹಕರು ಪರಾಮರ್ಶಿಸಿ ಅದರ ಗುಣದೋಷಗಳನ್ನು ಹೇಳುವ ಪದ್ಧತಿಯು ನಮ್ಮ ನಾಡಿನಲ್ಲಿ ಈಗ ಚೆನ್ನಾಗಿ ಬೇರೂರಿದೆ. ಬೆಂಗಳೂರಿನಲ್ಲಿ 1971ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳಿಂದ ಈ ಅಭ್ಯಾಸಕ್ಕೆ ಪೋಷಣೆ ದೊರೆಯಿತು; ಕೊಡಗಿನಂತಹ ಸಣ್ಣ ಸೀಮೆಯಲ್ಲಿಯೂ ಇಂದು ಕ್ಯಾಮರಾ ಹಿಡಿಯದ ಮನೆಯಿಲ್ಲ, ಅಭಿಪ್ರಾಯ ಕೇಳದ ಛಾಯಾಗ್ರಾಹಕನಿಲ್ಲ. ಆದರೆ ಹೀಗೆ ಕೇಳಿದವರಿಗೆ ದೊರೆಯುವ ಉತ್ತರಗಳನ್ನು ಪರಿಶೀಲಿಸಿದರೆ ಅವುಗಳಲ್ಲಿ ಬಹುಪಾಲು ಎರಡೇ ಬಗೆಯವಾಗಿ ಕಾಣುತ್ತವೆ. ಒಂದು, ‘ಬಹಳ ಚೆನ್ನಾಗಿದೆ’ ಎಂಬ ಬರಿಯ ಶ್ಲಾಘನೆ. ಇನ್ನೊಂದು, ‘ಎಡಗಡೆ ಸ್ವಲ್ಪ ಕತ್ತರಿಸಿ, ಮೇಲುಗಡೆ ಇನ್ನೂ ಸ್ವಲ್ಪ ಕತ್ತರಿಸಿ’ ಎಂಬ ಆಜ್ಞೆ. ಮೊದಲನೆಯದರಿಂದ ಕೇಳಿದವನಿಗೆ ಪ್ರಯೋಜನವಿಲ್ಲ. ಎರಡನೆಯದರಿಂದ ಕೆಲವೊಮ್ಮೆ ಹಾನಿಯೇ ಉಂಟಾಗುತ್ತದೆ. ಈ ವಿಷಯದಲ್ಲಿ ನಮ್ಮ ಅಲಂಕಾರಶಾಸ್ತ್ರದಿಂದ ಯಾವ ಸಹಾಯ ದೊರೆತೀತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಛಾಯಾಚಿತ್ರಕ್ಕೂ ಅಲಂಕಾರಶಾಸ್ತ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕವಿಯು ಲೋಕದಲ್ಲಿರುವ ಅಸಂಖ್ಯ ಸಂಗತಿಗಳಲ್ಲಿ ಕೆಲವನ್ನು ಆರಿಸಿಕೊಂಡು ಉಳಿದವನ್ನು ಬಿಡುತ್ತಾನೆ. ಛಾಯಾಗ್ರಾಹಕನೂ ಕಣ್ಣೆದುರಿನ ದೃಶ್ಯಕ್ಕೆ ನಾಲ್ಕು ಅಂಚುಗಳನ್ನು ಹಾಕಿ ಒಳಗಿನದನ್ನು ಉಳಿಸಿ ಹೊರಗಿನದನ್ನು ಬಿಡುತ್ತಾನೆ. ಈ ಆಯ್ಕೆಯು ಒಮ್ಮೆ ಕ್ಯಾಮರಾದಲ್ಲಿ ನಡೆಯುತ್ತದೆ, ಮತ್ತೊಮ್ಮೆ ಚಿತ್ರವನ್ನು ಕತ್ತರಿಸುವಾಗ ನಡೆಯುತ್ತದೆ. ಆಯ್ಕೆಯಿರುವಲ್ಲೆಲ್ಲ ಗುಣದೋಷಗಳಿರತಕ್ಕವೇ. ಆದುದರಿಂದ ಗುಣದೋಷ ವಿವೇಚನೆಗೆಂದೇ ಹುಟ್ಟಿದ ಶಾಸ್ತ್ರವನ್ನು ಇಲ್ಲಿ ಆಶ್ರಯಿಸುವುದು ಅನುಚಿತವಾಗಲಾರದು.

ಮೊದಲು ವಿಮರ್ಶಕನನ್ನೇ ವಿಮರ್ಶಿಸೋಣ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರಿ, ಭಾವಯಿತ್ರಿ ಎಂದು ಎರಡಾಗಿ ವಿಭಾಗಿಸಿ, ಭಾವಕರಲ್ಲಿ ನಾಲ್ಕು ವರ್ಗಗಳನ್ನು ಹೇಳುತ್ತಾನೆ. ಅರೋಚಕಿಗೆ ಯಾವುದೂ ರುಚಿಸುವುದಿಲ್ಲ. ಸತೃಣಾಭ್ಯವಹಾರಿಯು ಹುಲ್ಲನ್ನೂ ಬಿಡದೆ ಎಲ್ಲವನ್ನೂ ನುಂಗುತ್ತಾನೆ. ಮತ್ಸರಿಯು ಕಂಡ ಗುಣವನ್ನೂ ಮರೆಮಾಡುತ್ತಾನೆ. ತತ್ತ್ವಾಭಿನಿವೇಶಿಯೊಬ್ಬನೇ ಕೃತಿಯ ಸಾರವನ್ನು ಹುಡುಕುತ್ತಾನೆ, ಅಂಥವನು ವಿರಳ. ಛಾಯಾಚಿತ್ರಗಳ ವಿಮರ್ಶೆಯಲ್ಲಿ ಈ ನಾಲ್ವರೂ ನಮಗೆ ಪರಿಚಿತರೇ. ಇವರಲ್ಲಿ ಅರೋಚಕಿಯ ವಿಷಯದಲ್ಲಿ ರಾಜಶೇಖರನು ಮಾಡಿರುವ ಒಂದು ಭೇದವು ಗಮನಾರ್ಹವಾದುದು: ಸ್ವಭಾವದಿಂದಲೇ ಅರುಚಿಯುಳ್ಳವನನ್ನು ತಿದ್ದಲಾಗದು, ಜ್ಞಾನದಿಂದ ಹುಟ್ಟಿದ ಅರುಚಿಯುಳ್ಳವನು ವಿಶಿಷ್ಟವಾದುದನ್ನು ಕಂಡಾಗ ಒಲಿಯುತ್ತಾನೆ. ಕಠಿನನಾದ ವಿಮರ್ಶಕನೆಲ್ಲ ಕೆಟ್ಟವನಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ವಿಮರ್ಶೆಯ ಕ್ರಮಕ್ಕೆ ನಮ್ಮ ಕನ್ನಡದಲ್ಲಿಯೇ ಪ್ರಾಚೀನವಾದ ಮಾದರಿಯಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದುಷ್ಟಪ್ರಯೋಗವನ್ನು ತೋರಿಸಿ ಸುಮ್ಮನಾಗುವುದಿಲ್ಲ. ಅದನ್ನು ತಿದ್ದಿ ಹೇಳುವ ಬಗೆಯನ್ನೂ ತೋರಿಸುತ್ತದೆ. ದೋಷವನ್ನು ಹೇಳಿದವನು ಪರಿಹಾರವನ್ನೂ ಹೇಳತಕ್ಕದ್ದು ಎಂಬ ಈ ನೀತಿಗಿಂತ ಮಿಗಿಲಾದುದನ್ನು ಇಂದಿನ ಛಾಯಾಚಿತ್ರ ಸಂಘಗಳೂ ಹೇಳಲಾರವು.

ಇನ್ನು ದೋಷಗಳ ವಿಚಾರ. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಪರಿಗಣಿಸಿರುವ ವಾಕ್ಯದೋಷಗಳಲ್ಲಿ ಮೂರು ನಮಗೆ ಪ್ರಕೃತವಾಗಿವೆ: ಬೇಕಾದ ಪದವಿಲ್ಲದಿರುವ ನ್ಯೂನಪದತ್ವ, ಬೇಡದ ಪದವಿರುವ ಅಧಿಕಪದತ್ವ, ಪದವು ತನ್ನ ಎಡೆಯಲ್ಲಿರದ ಅಸ್ಥಾನಸ್ಥಪದತ್ವ. ಕತ್ತರಿಯು ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ನೇರವಾದ ಔಷಧ. ಮೂರನೆಯದನ್ನು ಅದು ಸ್ವಲ್ಪಮಟ್ಟಿಗೆ ಸರಿಪಡಿಸಬಲ್ಲುದು, ಏಕೆಂದರೆ ಒಂದು ಕಡೆಯ ಅಂಚನ್ನು ಒಳಕ್ಕೆ ತಂದರೆ ವಸ್ತುವಿನ ಸ್ಥಾನವೂ ಬದಲಾಗುತ್ತದೆ. ಮೊದಲನೆಯದಕ್ಕಾದರೋ ಅದು ಔಷಧವಲ್ಲ, ರೋಗಕಾರಣ. ಚಿತ್ರದಲ್ಲಿ ಇಲ್ಲದುದನ್ನು ಯಾವ ಕತ್ತರಿಯೂ ತರಲಾರದು, ಇದ್ದುದನ್ನು ಕಳೆಯಬಲ್ಲುದು. ಆದುದರಿಂದ ‘ಕತ್ತರಿಸಿ’ ಎನ್ನುವವನು ಮುಂಚೆ ಇದು ಅಧಿಕವೋ, ಅಥವಾ ತನಗೆ ಅರ್ಥವಾಗದುದೋ ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಕೊಡಗಿನ ಚಿತ್ರಗಳಲ್ಲಿ ಈ ಪ್ರಶ್ನೆಯು ಎಷ್ಟು ಮುಖ್ಯವೆಂಬುದನ್ನು ಕೆಲವು ಉದಾಹರಣೆಗಳಿಂದ ತೋರಿಸುವೆವು.

ಐನ್‌ಮನೆಯ ಚಿತ್ರಗಳನ್ನು ತೆಗೆದುಕೊಳ್ಳೋಣ. ಕೆತ್ತನೆಯ ಕಂಬಗಳು, ಅವುಗಳ ನಡುವಣ ಐಮರ, ಎತ್ತರವಾದ ಕೈಯಾಲೆ, ಇವು ಛಾಯಾಗ್ರಾಹಕನ ಕಣ್ಣನ್ನು ಸೆಳೆಯುತ್ತವೆ. ಇವುಗಳ ಸುತ್ತ ಬಿಗಿಯಾಗಿ ಕತ್ತರಿಸಿದ ಚಿತ್ರಗಳೇ ಹೆಚ್ಚು. ಕಂಬದ ಶಿಲ್ಪವನ್ನು ತೋರಿಸುವುದೇ ವಿವಕ್ಷೆಯಾದರೆ ಅದರಲ್ಲಿ ದೋಷವಿಲ್ಲ. ಆದರೆ ಚಿತ್ರದ ಹೆಸರು ‘ಐನ್‌ಮನೆ’ ಎಂದಿದ್ದರೆ ಅಲ್ಲಿ ನ್ಯೂನತೆಯುಂಟು. ಒಂದು ಒಕ್ಕದ ಮೂಲಸ್ಥಾನವಾದ ಆ ಮನೆಗೆ ನಡೆದುಬರುವ ಓಣಿ, ಮೇಲೇರುವ ಮೆಟ್ಟಿಲುಗಳು, ಬಳಿಯ ಕೈಮಡ, ಕೆಳಗಿನ ಗದ್ದೆ, ಇವೆಲ್ಲ ಸೇರಿಯೇ ಐನ್‌ಮನೆ. ಬರಿಯ ಕಂಬಗಳಾದರೆ ಅದು ಯಾವ ಊರಿನ ಯಾವ ಮನೆಯೂ ಆದೀತು. ಇಲ್ಲಿ ವಿಮರ್ಶಕನು ಹೇಳಬೇಕಾದುದು, ‘ಕಂಬಗಳ ಮೇಲಿನ ಬೆಳಕನ್ನು ಚೆನ್ನಾಗಿ ಹಿಡಿದಿದ್ದೀರಿ, ಮನೆಯನ್ನು ತೋರಿಸುವುದು ನಿಮ್ಮ ಇಷ್ಟವಾದರೆ ಹತ್ತು ಹೆಜ್ಜೆ ಹಿಂದೆ ಸರಿದು ಓಣಿಯನ್ನೂ ಒಳಗೊಂಡು ಇನ್ನೊಂದು ಚಿತ್ರ ತೆಗೆಯಿರಿ’ ಎಂದು.

ವೇಷಭೂಷಣಗಳ ಚಿತ್ರಗಳಲ್ಲಿ ಈ ದೋಷವು ಇನ್ನೂ ಸ್ಪಷ್ಟವಾಗಿದೆ. ಕುಪ್ಯ ಧರಿಸಿದ ಹಿರಿಯರ ಚಿತ್ರವನ್ನು ಎದೆಯವರೆಗೆ ಕತ್ತರಿಸಬೇಕೆಂದು ಸಲಹೆ ಕೊಡುವವರು, ಮುಖಭಾವವೇ ಪ್ರಧಾನವೆಂಬ ಸಾಮಾನ್ಯ ನಿಯಮವನ್ನು ಅನುಸರಿಸುತ್ತಾರೆ. ಆದರೆ ಸೊಂಟದ ಚೇಲೆಯೂ ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿಯೂ ಆಗ ಹೋಗಿಬಿಡುತ್ತವೆ; ಉಳಿಯುವುದು ಕಪ್ಪು ನಿಲುವಂಗಿಯ ಮೇಲ್ಭಾಗ ಮಾತ್ರ. ಬೆನ್ನ ಹಿಂದೆ ಧರಿಸುವ ಒಡಿಕತ್ತಿಯಂತೂ ಎದುರಿನಿಂದ ತೆಗೆದ ಚಿತ್ರದಲ್ಲಿ ಮೊದಲೇ ಇರುವುದಿಲ್ಲ. ಸ್ತ್ರೀಯರ ಕೊಡಗು ಸೀರೆಯ ವೈಶಿಷ್ಟ್ಯವು ನೆರಿಗೆಯನ್ನು ಹಿಂದಕ್ಕೆ ಸೆಕ್ಕಿಕೊಳ್ಳುವುದರಲ್ಲಿದೆ. ಬಲಮುರಿಯಲ್ಲಿ ಕಾವೇರಿಯ ಪ್ರವಾಹದ ರಭಸಕ್ಕೆ ನೆರಿಗೆಗಳು ಹಿಂದಕ್ಕೆ ತಿರುಗಿದುವೆಂಬ ಐತಿಹ್ಯವೂ ಪ್ರಸಿದ್ಧವಾಗಿದೆ. ಎದುರಿನಿಂದ ಸೊಂಟದವರೆಗೆ ತೆಗೆದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಈ ವೈಶಿಷ್ಟ್ಯವನ್ನು ಹೇಳಲಾರದು. ಇದು ಕತ್ತರಿಯಿಂದ ಸರಿಹೋಗುವ ದೋಷವಲ್ಲ, ನಿಲುವನ್ನು ಬದಲಿಸಬೇಕು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಋಜು ಮೊದಲಾಗಿ ಒಂಬತ್ತು ಸ್ಥಾನಗಳನ್ನು ವಿವರಿಸುವುದು ವ್ಯರ್ಥವಲ್ಲ: ಎದುರಿನ ನೋಟವೊಂದೇ ನೋಟವಲ್ಲವೆಂಬುದು ಅದರ ತಾತ್ಪರ್ಯ.

ತಲಕಾವೇರಿಯಲ್ಲಿ ತುಲಾಸಂಕ್ರಮಣದಂದು ತೀರ್ಥೋದ್ಭವದ ಹೊತ್ತಿನಲ್ಲಿ ತೆಗೆದ ಚಿತ್ರಗಳಲ್ಲಿ ಇದಕ್ಕೆ ವಿರುದ್ಧವಾದ ಅಧಿಕದೋಷವು ಕಾಣುತ್ತದೆ. ಚಾಚಿದ ಕೈಗಳು, ಬಿಂದಿಗೆಗಳು, ಕೊಡೆಗಳು, ಈಚೆಗೆ ಮೇಲಕ್ಕೆತ್ತಿದ ದೂರವಾಣಿ ಯಂತ್ರಗಳು ಚಿತ್ರವನ್ನೆಲ್ಲ ತುಂಬಿ, ಎಲ್ಲರೂ ನೋಡುತ್ತಿರುವ ಕುಂಡಿಕೆಯೇ ಎಲ್ಲೋ ಮೂಲೆಯಲ್ಲಿ ಅಡಗಿರುತ್ತದೆ. ಇಲ್ಲಿ ಕತ್ತರಿಯು ನಿಜವಾಗಿಯೂ ಉಪಕಾರಿ. ಮೇಲಿನ ಆಕಾಶವನ್ನೂ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತವರನ್ನೂ ಬಿಟ್ಟು, ಕೈಗಳ ರೇಖೆಗಳು ಕುಂಡಿಕೆಯ ಕಡೆಗೆ ಹರಿಯುವಂತೆ ಅಂಚುಗಳನ್ನಿಟ್ಟರೆ ಜನಸಂದಣಿಯೇ ಭಕ್ತಿಗೆ ಉದ್ದೀಪನವಾಗುತ್ತದೆ. ಆದರೆ ಕುಂಡಿಕೆಯನ್ನೇ ಕಳೆದು ಕೈಗಳನ್ನು ಮಾತ್ರ ಉಳಿಸಿದರೆ ಆಲಂಬನವಿಲ್ಲದ ಅನುಭಾವ ಮಾತ್ರವಾಗುತ್ತದೆ. ರಸಕ್ಕೆ ಅದು ಸಾಲದು.

ಹುತ್ತರಿಯ ರಾತ್ರಿ ಕದಿರು ಕೊಯ್ಯುವ ಚಿತ್ರಗಳಲ್ಲಿ ಕತ್ತಲೆಯು ವ್ಯರ್ಥಸ್ಥಳವೆಂದು ಎಣಿಸಿ ಅದನ್ನು ಕತ್ತರಿಸಿಹಾಕುವ ರೂಢಿಯುಂಟು. ಇದನ್ನು ನಾವು ಒಪ್ಪಲಾರೆವು. ಮಮ್ಮಟನು ಕೆಲವು ದೋಷಗಳನ್ನು ಅನಿತ್ಯವೆಂದು ಹೇಳಿ, ಪ್ರಸಂಗವಿಶೇಷದಲ್ಲಿ ಅವು ಗುಣವೂ ಆಗುವುವೆಂದು ಒಪ್ಪಿದ್ದಾನೆ. ಬೆಳದಿಂಗಳ ಗದ್ದೆಯ ವಿಸ್ತಾರವೂ ಅದರ ನಡುವೆ ದೀಪದ ಸುತ್ತ ನಿಂತ ಚಿಕ್ಕ ಗುಂಪೂ ಒಟ್ಟಿಗೆ ಕಂಡಾಗಲೇ ‘ಪೊಲಿ ಪೊಲಿ ದೇವಾ’ ಎಂಬ ಕೂಗಿನ ಅರ್ಥವು ನೋಡುವವನ ಮನಸ್ಸಿಗೆ ತಟ್ಟುತ್ತದೆ. ಹಗಲಿನ ಚಿತ್ರದಲ್ಲಿ ಅಧಿಕವಾಗುವ ಬಯಲು ಇಲ್ಲಿ ಅಗತ್ಯವಾದ ಪದ.

ನಿಯಮಗಳ ವಿಷಯವಾಗಿ ಒಂದು ಮಾತು. ಚೌಕಟ್ಟನ್ನು ಉದ್ದಗಲಗಳಲ್ಲಿ ಮೂರು ಮೂರು ಭಾಗ ಮಾಡಿ, ಆ ರೇಖೆಗಳ ಮೇಲೆ ಮುಖ್ಯವಸ್ತುವನ್ನಿಡಬೇಕೆಂಬ ನಿಯಮವನ್ನು ಎಲ್ಲರೂ ಪಠಿಸುತ್ತಾರೆ. ಇದನ್ನು ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬವನು 1797ರಲ್ಲಿ, ಛಾಯಾಚಿತ್ರವು ಹುಟ್ಟುವುದಕ್ಕೆ ಮುಂಚೆಯೇ, ಭೂದೃಶ್ಯಗಳ ವರ್ಣಚಿತ್ರಗಳನ್ನು ಕುರಿತು ಹೇಳಿದನು. ಅಭ್ಯಾಸಿಗಳಿಗೆ ಅದು ಉಪಯುಕ್ತವೇ. ಆದರೆ ಅದನ್ನು ವಿಧಿವಾಕ್ಯವೆಂದು ಎಣಿಸಬಾರದು. ಕತ್ತರಿಯ ವಿಷಯದಲ್ಲಿಯೂ ಹಾಗೆಯೇ. ಅಮೆರಿಕದ ಆರ್ನಾಲ್ಡ್ ನ್ಯೂಮನ್ 1946ರಲ್ಲಿ ತೆಗೆದ ಸಂಗೀತಗಾರ ಸ್ಟ್ರವಿನ್‌ಸ್ಕಿಯ ಚಿತ್ರದಲ್ಲಿ, ಮೂಲದ ಬಹುಭಾಗವನ್ನು ಕತ್ತರಿಸಿದ ಮೇಲೆಯೇ ಪಿಯಾನೋದ ಮುಚ್ಚಳದ ಕಪ್ಪು ಆಕಾರವು ಚಿತ್ರವನ್ನೆಲ್ಲ ಆಳುವಂತಾಯಿತು, ಕಲಾವಿದನು ಮೂಲೆಯಲ್ಲಿ ಚಿಕ್ಕವನಾಗಿ ಉಳಿದನು. ಕತ್ತರಿಸುವುದನ್ನು ಒಪ್ಪದ ಫ್ರಾನ್ಸಿನ ಕಾರ್ತಿಯೇ ಬ್ರೆಸ್ಸೋನನೇ 1932ರಲ್ಲಿ ಸಾಂ ಲಜಾರ್ ನಿಲ್ದಾಣದ ಹಿಂಬದಿಯಲ್ಲಿ ತೆಗೆದ ಪ್ರಸಿದ್ಧ ಚಿತ್ರವನ್ನು ಕತ್ತರಿಸಿ ಮುದ್ರಿಸಿದನು. ಆದುದರಿಂದ ಕತ್ತರಿಸಲೇಬಾರದೆಂಬ ವ್ರತವೂ ಸಲ್ಲದು, ಕತ್ತರಿಸಿಯೇ ತೀರಬೇಕೆಂಬ ಹಟವೂ ಸಲ್ಲದು; ವಿವಕ್ಷೆಯೇ ಪ್ರಮಾಣ.

ಲೆಕ್ಕದ ಒಂದು ಸಂಗತಿಯನ್ನೂ ವಿಮರ್ಶಕರು ಮರೆಯಬಾರದು. ಚಿತ್ರದ ಉದ್ದವನ್ನೂ ಅಗಲವನ್ನೂ ಅರ್ಧಕ್ಕೆ ಇಳಿಸಿದರೆ ಉಳಿಯುವುದು ಅರ್ಧಭಾಗವಲ್ಲ, ಕಾಲುಭಾಗ. 6000 ಬಿಂದುಗಳ ಉದ್ದವೂ 4000 ಬಿಂದುಗಳ ಅಗಲವೂ ಉಳ್ಳ ಚಿತ್ರವು, ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ, 20 ಅಂಗುಲ ಉದ್ದವಾಗುತ್ತದೆ. ಹೀಗೆ ಕತ್ತರಿಸಿದ ಮೇಲೆ 10 ಅಂಗುಲ ಮಾತ್ರ. ಗೋಡೆಗೆ ತೂಗುಹಾಕಲು ಸಿದ್ಧಪಡಿಸಿದ ಚಿತ್ರಕ್ಕೆ ಈ ಸಲಹೆ ಕೊಡುವವನು ಅದರ ಫಲವನ್ನೂ ತಿಳಿಸಬೇಕು.

ಇಲ್ಲಿಯವರೆಗೆ ಹೇಳಿದುದು ಸೌಂದರ್ಯದ ವಿಚಾರ. ಸತ್ಯದ ವಿಚಾರವು ಇದಕ್ಕಿಂತ ಗುರುತರವಾದುದು. ನಿಸರ್ಗಚಿತ್ರಗಳ ಸ್ಪರ್ಧೆಗಳಿಗಾಗಿ ಅಂತರರಾಷ್ಟ್ರೀಯ ಛಾಯಾಚಿತ್ರ ಸಂಸ್ಥೆಗಳು ಒಪ್ಪಿರುವ ನಿರೂಪಣೆಯಂತೆ, ಚಿತ್ರಕ್ಕೆ ಯಾವುದನ್ನೂ ಸೇರಿಸಕೂಡದು, ಸ್ಥಾನಾಂತರಿಸಕೂಡದು, ಅಳಿಸಕೂಡದು. ಕತ್ತರಿಸುವುದಕ್ಕೆ ಮಾತ್ರ ಅನುಮತಿಯುಂಟು. ಈ ಭೇದವು ಯುಕ್ತವಾದುದೇ, ಆದರೆ ಸಾಲದು. ದುಬಾರೆಯ ಆನೆ ಶಿಬಿರದಲ್ಲಿ ತೆಗೆದ ಚಿತ್ರದಿಂದ ಕಾಲಿನ ಸರಪಣಿಯಿರುವ ಭಾಗವನ್ನು ಕತ್ತರಿಸಿ ಅದನ್ನು ನಾಗರಹೊಳೆಯ ಕಾಡಾನೆಯೆಂಬಂತೆ ತೋರಿಸಿದರೆ, ಕತ್ತರಿಯು ಮಾಡಿದುದು ಅಳಿಸುವಿಕೆಯ ಕೆಲಸವೇ ಅಲ್ಲವೆ? ವಿಧಾನವು ಧರ್ಮ್ಯವಾದರೂ ಫಲವು ಅಸತ್ಯ. ಇಂಥ ಕತ್ತರಿಯನ್ನು ಸಲಹೆಮಾಡಿದ ವಿಮರ್ಶಕನೂ ಆ ಅಸತ್ಯದಲ್ಲಿ ಭಾಗಿಯಾಗುತ್ತಾನೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಿಂದ ಬಂದ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡಬೇಕು. ಮುರಿದ ಒಂದು ಮನೆ, ಕೆಸರಿನಲ್ಲಿ ಹೂತ ಒಂದು ವಾಹನ, ಇಷ್ಟಕ್ಕೇ ಕತ್ತರಿಸಿದ ಚಿತ್ರವು ಕರುಣರಸಕ್ಕೆ ಅನುಕೂಲ. ವೃತ್ತಪತ್ರಿಕೆಯ ಅಂಕಣಕ್ಕೂ ಅನುಕೂಲ. ಆದರೆ ಮೇಲಿನ ಇಳಿಜಾರು, ಅದನ್ನು ಕಡಿದು ಮಾಡಿದ ದಾರಿ ಅಥವಾ ಮನೆಕಟ್ಟೆ, ನೀರು ಹರಿದ ಜಾಡು, ಇವು ಚಿತ್ರದ ಹೊರಗುಳಿದರೆ ಆಪತ್ತಿನ ಫಲ ಮಾತ್ರ ಕಾಣುತ್ತದೆ, ಕಾರಣವು ಕಾಣುವುದಿಲ್ಲ. ಮುಂದೆ ಆ ಸ್ಥಳದಲ್ಲಿ ಮನೆ ಕಟ್ಟಬಹುದೇ ಎಂದು ವಿಚಾರಿಸುವವರಿಗೆ, ‘ವಿನ್ಯಾಸಕ್ಕೆ ಅಡ್ಡಿ’ ಎಂದು ಕತ್ತರಿಸಿ ಬಿಸಾಡಿದ ಆ ಪಕ್ಕದ ಗುಡ್ಡವೇ ಬೇಕಾದ ಸಾಕ್ಷಿ. ಇಂಥ ಚಿತ್ರವನ್ನು ವಿಮರ್ಶಿಸುವವನು ಬಿಗಿಯಾದ ಚಿತ್ರವನ್ನು ಮೆಚ್ಚಬಹುದು. ಆದರೆ ಪೂರ್ಣಚಿತ್ರವನ್ನು ದಿನಾಂಕ ಸ್ಥಳಗಳೊಡನೆ ಕಾಪಾಡಿರೆಂದು ಹೇಳದೆ ಬಿಡಬಾರದು.

ಹಳೆಯ ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥದಲ್ಲಿ ನಮ್ಮ ದೇಶದ ಜನರನ್ನು ಜಾತಿಗಳ ಮಾದರಿಗಳೆಂಬಂತೆ ನಿಲ್ಲಿಸಿ ತೋರಿಸಿದರು. ವ್ಯಕ್ತಿಯ ಮನೆಯಿಲ್ಲ, ಹೊಲವಿಲ್ಲ, ಬಹಳ ಕಡೆ ಹೆಸರೂ ಇಲ್ಲ. ಪರರು ಹಾಗೆ ಮಾಡಿದರೆಂದು ಆಕ್ಷೇಪಿಸುವ ನಾವು, ನಮ್ಮ ಕುಟುಂಬಗಳ ಹಳೆಯ ಗುಂಪುಚಿತ್ರಗಳನ್ನು ಸ್ಮರಣಸಂಚಿಕೆಗಳಿಗಾಗಿ ಕತ್ತರಿಸಿ, ಅಂಚಿನಲ್ಲಿ ನಿಂತ ಆಳುಗಳನ್ನೂ ಮಕ್ಕಳನ್ನೂ ಹೊರಹಾಕುವುದು ಯಾವ ನ್ಯಾಯ? ಅಂಚಿನಲ್ಲಿ ನಿಂತವರಿಗೆ ಆ ಚಿತ್ರವೊಂದೇ ದಾಖಲೆಯಾಗಿರಬಹುದು.

ಇಷ್ಟು ವಿಚಾರದಿಂದ ವಿಮರ್ಶೆಯ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮೊದಲು ಚಿತ್ರವನ್ನು ಪೂರ್ಣವಾಗಿ ನೋಡಿ, ‘ತಾವು ಇಲ್ಲಿ ಯಾವುದನ್ನು ತೋರಿಸಲು ಉದ್ದೇಶಿಸಿದಿರಿ?’ ಎಂದು ಕೇಳಬೇಕು. ಆಮೇಲೆ ಆ ಉದ್ದೇಶವು ಎಲ್ಲಿ ಸಿದ್ಧಿಸಿದೆಯೆಂಬುದನ್ನು ನಿರ್ದಿಷ್ಟವಾಗಿ ಹೇಳಬೇಕು. ‘ಚೆನ್ನಾಗಿದೆ’ ಎಂಬುದು ನಿರ್ದೇಶವಲ್ಲ. ಬಳಿಕ ದೋಷವು ನ್ಯೂನವೋ, ಅಧಿಕವೋ, ಅಸ್ಥಾನವೋ ಎಂದು ವಿಂಗಡಿಸಬೇಕು. ಅಧಿಕವಾದರೆ ಮೂಲೆಯಾಕಾರವಾಗಿ ಕತ್ತರಿಸಿದ ಎರಡು ರಟ್ಟಿನ ತುಂಡುಗಳನ್ನು ಚಿತ್ರದ ಮೇಲೆ ಸರಿಸುತ್ತ, ಯಾವ ಅಂಚು ಎಲ್ಲಿಗೆ ಬರಬೇಕೆಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು. ಮೂಲಕ್ಕೆ ಹಾನಿಯಿಲ್ಲದೆ ಇಬ್ಬರೂ ಕೂಡಿ ವಿಚಾರಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ನ್ಯೂನವಾದರೆ ಮತ್ತೊಮ್ಮೆ ಹೋದಾಗ ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನು ಹೇಳಬೇಕು. ಕೊನೆಗೆ ನಿರ್ಣಯವನ್ನು ಚಿತ್ರಕಾರನಿಗೇ ಬಿಡಬೇಕು.

ಚಿತ್ರಸೂತ್ರಕಾರನು, ಆಚಾರ್ಯರು ರೇಖೆಯನ್ನೂ ವಿಚಕ್ಷಣರು ವರ್ತನೆಯನ್ನೂ ಇತರರು ಆಭರಣವನ್ನೋ ವರ್ಣಸಮೃದ್ಧಿಯನ್ನೋ ಮೆಚ್ಚುವರೆಂದು ನೋಡುವವರ ರುಚಿಭೇದವನ್ನು ಗುರುತಿಸಿದ್ದಾನೆ. ವಿಮರ್ಶಕನು ತಾನು ಈ ನೋಟಕರಲ್ಲಿ ಒಬ್ಬನು ಮಾತ್ರವೆಂಬುದನ್ನು ನೆನಪಿನಲ್ಲಿಟ್ಟು, ತನ್ನ ರುಚಿಯನ್ನು ರುಚಿಯೆಂದೂ ದೋಷವನ್ನು ದೋಷವೆಂದೂ ಬೇರೆ ಬೇರೆಯಾಗಿ ಹೇಳಿದರೆ ಸಾಕು. ಕೊಡಗಿನ ಛಾಯಾಗ್ರಾಹಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಕತ್ತರಿಸಿದ ಪ್ರತಿಯನ್ನು ಪ್ರದರ್ಶನಕ್ಕೆ ಕಳುಹಿಸಿರಿ, ಕತ್ತರಿಸದ ಮೂಲವನ್ನು ಸ್ಥಳ, ದಿನಾಂಕ, ಅದರಲ್ಲಿರುವವರ ಹೆಸರುಗಳೊಡನೆ ಮುಂದಿನವರಿಗಾಗಿ ಇಡಿರಿ.