ಶೇಕಡಾ ಹತ್ತರ ಒಳಗೆ

ನಮ್ಮ ವಾಚನಾಲಯದ ಕಪಾಟಿನಲ್ಲಿ ನೀಲಿ ರಟ್ಟಿನ ಒಂದು ನೋಟುಪುಸ್ತಕ ಉಂಟು. ನಾಟಿಗೆ ಬರುತ್ತಿದ್ದ ಹೆಂಗಸರ ಬಾಯಿಯಿಂದ ಕೇಳಿದ ತುಳು ಹಾಡುಗಳನ್ನು ನಮ್ಮ ಶಾಲೆಯ ಮಾಸ್ಟ್ರೊಬ್ಬರು ಕನ್ನಡ ಲಿಪಿಯಲ್ಲಿ ಬರೆದಿಟ್ಟದ್ದು. ಪ್ರತಿ ಹಾಡಿನ ಕೆಳಗೆ ಹಾಡಿದವರ ಹೆಸರು, ಮನೆ, ದಿನ. ಒಂದು ಹಾಡಿನ ನಡುವೆ ಎರಡು ಸಾಲಿನ ಜಾಗ ಖಾಲಿ. ಪಕ್ಕದಲ್ಲಿ ‘ಮಳೆ ಜೋರು, ಕೇಳಲಿಲ್ಲ’ ಎಂದಿದೆ. ಅದೇ ಪುಟದ ಅಂಚಿನಲ್ಲಿ ಒಂದು ಟಿಪ್ಪಣಿ: ಹಾಡಿನ ಗದ್ದೆಗಳ ಹೆಸರು ಸುಮ್ಮನೆ ಬಂದದ್ದಲ್ಲ, ತೋಡಿನ ನೀರು ಹರಿಯುವ ಕ್ರಮದಲ್ಲೇ ಬಂದಿವೆ.

ಈಚೆಗೆ ಒಂದು ಪಿಎಚ್.ಡಿ. ಪ್ರಬಂಧ ಓದಿದೆ. ಅದೇ ಹಾಡು, ಅದೇ ಜಾಗದಲ್ಲಿ ಎರಡು ಸಾಲು ಇಲ್ಲ. ಮಳೆಯ ಸುದ್ದಿಯೂ ಇಲ್ಲ. ನೀರಿನ ಕ್ರಮದ ಮೇಲೆ ಒಂದು ಅಧ್ಯಾಯವೇ ನಿಂತಿದೆ, ಬೇರೆ ಮಾತುಗಳಲ್ಲಿ. ಆಕರ ‘ಕ್ಷೇತ್ರಕಾರ್ಯ’ವಂತೆ. ಮಾಸ್ಟ್ರ ಹೆಸರಿಲ್ಲ, ಹಾಡಿದವರದ್ದಂತೂ ಇಲ್ಲವೇ ಇಲ್ಲ. ಜೊತೆಗಿರುವ ಪ್ರಮಾಣಪತ್ರದಲ್ಲಿ ಹೋಲಿಕೆ ಶೇ. 4.

ಯಾರು, ಎಲ್ಲಿಯವರು ಎಂದು ಬರೆಯುವುದಿಲ್ಲ. ಒಬ್ಬರ ಮೇಲೆ ಸಿಟ್ಟು ತೀರಿಸಿ ಎಂತ ಪ್ರಯೋಜನ? ಆ ನಾಲ್ಕು ಹೇಗೆ ಬಂತು ಎಂದು ತಿಳಿಯಲು ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿಯನ್ನೇ ಹುಡುಕಿ ಓದಿದೆ.

ವ್ಯಾಖ್ಯೆ ಚೆನ್ನಾಗಿದೆ. ಇನ್ನೊಬ್ಬರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದೇ ಕೃತಿಚೌರ್ಯ ಎನ್ನುತ್ತದೆ. ಆದರೆ ದಂಡದ ಪುಟಕ್ಕೆ ಬರುವಾಗ ‘ವಿಚಾರ’ ಎಲ್ಲಿಗೆ ಹೋಯಿತೋ! ಅಲ್ಲಿರುವುದು ಬರೀ ಲೆಕ್ಕ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. 40ರವರೆಗೆ, ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ, ಒಂದು ವರ್ಷ ತಿದ್ದಿದ ಪ್ರತಿ ಕೊಡುವ ಹಾಗಿಲ್ಲ. ಅದಕ್ಕೂ ಮೇಲಾದರೆ ನೋಂದಣಿ ರದ್ದು. ಮಾಸ್ಟ್ರ ಟಿಪ್ಪಣಿಯ ಹಾಗೆ ಮಾತು ಬದಲಾಗಿ ವಿಚಾರ ಮಾತ್ರ ಹೋದದ್ದು ಈ ಲೆಕ್ಕದಲ್ಲಿ ಸಿಗುವುದೇ ಇಲ್ಲ.

ಅಳೆಯುವ ತಂತ್ರಾಂಶಕ್ಕಾದರೂ ತನ್ನ ಸಂಗ್ರಹದಲ್ಲಿ ಇದ್ದದ್ದು ಮಾತ್ರ ಗೊತ್ತು. ಕೈಬರಹದ ನೋಟುಪುಸ್ತಕ ಅಲ್ಲಿಲ್ಲ. ಕನ್ನಡದ ಕಷ್ಟ ಇನ್ನೂ ಒಂದು ಉಂಟು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಾದ ಪುಟ ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಹಳೆ ಪುಸ್ತಕ ಬರೀ ಚಿತ್ರ. ಮಲಯಾಳಂ ಪುಸ್ತಕದ ಪುಟವನ್ನು ಕನ್ನಡ ಮಾಡಿ ತನ್ನದೆಂದರೆ, ಪದಕ್ಕೆ ಪದ ಹೋಲಿಸುವ ಯಂತ್ರಕ್ಕೆ ಎಂತ ತಿಳಿಯುತ್ತದೆ? ಎರಡೂ ಭಾಷೆ ಓದುವ ಕಾಸರಗೋಡಿನವರಿಗೆ ಕೂಡಲೇ ಗೊತ್ತಾಗುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ, ಅಷ್ಟೇ.

ಕೇಳದಿದ್ದರೆ ನಾವೇ ಹೇಳುವ ಎಂದರೆ, ಆ ದಾರಿಯೂ ಸಲೀಸಲ್ಲ. ಸೂಕ್ತ ಪುರಾವೆಯೊಂದಿಗೆ ದೂರು ಕೊಡಬೇಕಾದವರು ಶೈಕ್ಷಣಿಕ ಸಮುದಾಯದವರು ಎಂದು ನಿಯಮ ಹೇಳುತ್ತದೆ. ಸಂಸ್ಥೆ ತಾನಾಗಿಯೂ ವಿಚಾರಿಸಬಹುದು. ಗದ್ದೆಯಲ್ಲಿ ಹಾಡಿದವರು, ವಾಚನಾಲಯದಲ್ಲಿ ಕಪಾಟು ಕಾಯುವವರು ಯಾವ ಸಮುದಾಯ?

ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ. ಪುಟಗಟ್ಟಲೆ ಹಾಗೇ ಇಳಿಸುವವರನ್ನು ಅದು ಹಿಡಿಯುತ್ತದೆ. ಆದರೆ ಮಕ್ಕಳು ಕಲಿತದ್ದು ಆಕರ ಹೇಳುವುದನ್ನಲ್ಲ, ಪದ ಬದಲಿಸಿ ಶೇಕಡಾ ಇಳಿಸುವುದನ್ನು. ಜಾನಪದದ ಪ್ರಬಂಧವಾದರೆ ಮೌಖಿಕ ಪರೀಕ್ಷೆಯ ದಿನ ಕ್ಷೇತ್ರಕಾರ್ಯದ ಪುಸ್ತಕ, ಧ್ವನಿಮುದ್ರಣ ಮೇಜಿನ ಮೇಲೆ ಇರಲಿ. ಹಾಡಿದವರ ಹೆಸರು, ಊರು, ದಿನ ಕೇಳಲಿ. ಇದಕ್ಕೆ ಯಾವ ತಂತ್ರಾಂಶವೂ ಬೇಡ ಮಾರಾಯ್ರೆ.

ಆ ಹಾಡು ಹಾಡಿದ ಅಜ್ಜಿ ಈಗಲೂ ಇದ್ದಾರೆ. ಕಳೆದ ವಾರ ಹೋಗಿ ಹಾಡನ್ನು ಓದಿ ಹೇಳಿದೆ. ಖಾಲಿ ಜಾಗ ಬಂದಲ್ಲಿ ನಾನು ನಿಲ್ಲಿಸುವ ಮೊದಲೇ ಅವರು ಎರಡು ಸಾಲನ್ನೂ ಹಾಡಿಬಿಟ್ಟರು. ‘ಯಾರಾದರೂ ಬಂದು ಕೇಳಿದ್ದರಾ ಅಜ್ಜಿ?’ ಎಂದೆ. ‘ಮಾಸ್ಟ್ರ ನಂತರ ನೀನೇ’ ಎಂದರು. ಆ ಸಾಲುಗಳನ್ನು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ, ಕೆಳಗೆ ಅವರ ಹೆಸರು ಮತ್ತು ದಿನ ಹಾಕಿ.